ಹಿತ್ತಲಿಗೆ ಎಪ್ಪತ್ತು ಟೈಲು

ಹಿತ್ತಲು ಹದಿನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದವಿತ್ತು. ಎರಡಡಿ ಚೌಕದ ಟೈಲು ಹಾಕಿದರೆ ಸರಿಯಾಗಿ ಎಪ್ಪತ್ತು, ಒಂದನ್ನೂ ಕತ್ತರಿಸಬೇಕಿಲ್ಲ. ಇಪ್ಪತ್ತಾರು ವರ್ಷ ಬೇರೆಯವರ ಮನೆಗಳಿಗೆ ಟೈಲು ಹಾಕಿದ ಮೇಸ್ತ್ರಿಗೆ ಇಂಥ ನೆಲ ಸಿಕ್ಕಿದ್ದು ನಾಲ್ಕೇ ಸಲ. ಐದನೆಯದು ಅವನ ಮನೆಯ ಹಿಂದೆಯೇ ಇತ್ತು. ನಡುವೆ ಒಂದು ಹಿಪ್ಪುನೇರಳೆ ಮರ ಅಡ್ಡ ನಿಂತಿತ್ತು, ಅಷ್ಟೆ.

ಆ ವರ್ಷ ಮರಕ್ಕೆ ಹಣ್ಣು ಜಾಸ್ತಿ. ಒಂದು ಸೋಮವಾರ ಲಾಡ್ಜಿನ ಮ್ಯಾನೇಜರ್ ಒಂಬತ್ತು ಬೆಡ್‌ಶೀಟ್ ವಾಪಸು ಕಳಿಸಿದ. ಎಲ್ಲದರ ಮೇಲೂ ಕಡುನೇರಳೆ ಕಲೆ, ಒಂದೊಂದೂ ಹೆಬ್ಬೆರಳಿನಷ್ಟು. ಲಾಡ್ಜಿನ ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಡುವುದು ಮೇಸ್ತ್ರಿಯ ಹೆಂಡತಿಯ ಕೆಲಸ. ಮರದಿಂದ ಗೋಡೆಗೆ ಎಳೆದ ನಾಲ್ಕು ತಂತಿಗಳೇ ಅವಳ ಅಂಗಡಿ.

"ನಿಂಬೆಹಣ್ಣು ಹಾಕಿ ಉಜ್ಜಿ ನೋಡು," ಎಂದಳು ಅತ್ತೆ.

"ಉಜ್ಜಿದ್ದಾಯ್ತು ಅತ್ತೆ. ಉಪ್ಪು ಹಾಕಿ ನೆನೆಸಿದ್ದೂ ಆಯ್ತು. ಇನ್ನು ಹೋಗಿ ಮ್ಯಾನೇಜರ್ ಕಾಲಿಗೆ ಬೀಳೋದೊಂದೇ ಬಾಕಿ."

"ಮೊದಲು ನನ್ನ ಕಾಲು ನೋಡಮ್ಮ. ಮೊನ್ನೆ ಹಣ್ಣು ತುಳಿದು ಜಾರಿದ್ನಲ್ಲ. ಸೊಂಟ ಮುರಿದಿದ್ರೆ ಬೆಡ್‌ಶೀಟ್ ಜೊತೆ ನನ್ನನ್ನೂ ನೀನೇ ಒಗೀಬೇಕಿತ್ತು."

ಮೇಸ್ತ್ರಿಯ ದೂರು ಬೇರೆ. ಅವನ ಒಬ್ಬಳೇ ಮಗಳಿಗೆ ಹದಿನೇಳು, ಶಾಲೆಯ ಕೊನೆಯ ವರ್ಷ. ಮನೆಯಲ್ಲಿ ಎಲ್ಲರಿಗಿಂತ ಎತ್ತರ ಬೆಳೆದಿದ್ದರೂ ಚಿಕ್ಕಂದಿನಲ್ಲಿ ಅಂಟಿದ ಕುಳ್ಳಿ ಎಂಬ ಹೆಸರು ಹೋಗಿರಲಿಲ್ಲ. ಶಾಲೆಯಿಂದ ನಾಲ್ಕೂವರೆಗೆ ಬಂದವಳು ಚೀಲ ಎಸೆದು ನೇರ ಹಿತ್ತಲಿಗೆ ಹೋಗುತ್ತಿದ್ದಳು. ಬುಡದಲ್ಲಿ ಒಂದು ಹಾಸುಗಲ್ಲು ಇತ್ತು. ಅದರ ಮೇಲೆ ಕೂತು, ಕಾಂಡಕ್ಕೆ ಬೆನ್ನು ಕೊಟ್ಟು, ಪುಸ್ತಕ ತೊಡೆಯ ಮೇಲಿಟ್ಟುಕೊಂಡರೆ ಕತ್ತಲಾಗುವವರೆಗೆ ಅಲ್ಲೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಹೋಗಿತ್ತು. ಅದಾದ ಮೇಲೆ ಮೇಸ್ತ್ರಿ ಒಂದು ಸಂಜೆ ಗಡಿಯಾರ ಹಿಡಿದು ನೋಡಿದ.

"ನಲವತ್ತು ನಿಮಿಷ ಆಯ್ತು. ನೂರಾ ಹನ್ನೆರಡನೇ ಪುಟದಲ್ಲೇ ಇದೀಯ."

"ಯೋಚನೆ ಮಾಡ್ತಿದ್ದೆ ಅಪ್ಪ."

"ಏನನ್ನ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನ ಯೋಚನೆ ಮಾಡೋಕೆ ನಲವತ್ತು ನಿಮಿಷ ಬೇಕಾ?"

ಕುಳ್ಳಿ ನಕ್ಕಳು. ಕೂದಲಲ್ಲಿ ಸಿಕ್ಕಿಕೊಂಡಿದ್ದ ಎಲೆಯೊಂದನ್ನು ತೆಗೆದು ಪುಟದ ನಡುವೆ ಇಟ್ಟು, ಪುಸ್ತಕ ಮುಚ್ಚಿದಳು.

ಐದು ಗಂಟೆಗೆ ಬೆಡ್‌ಶೀಟ್ ಮಡಿಸುವ ಹೊತ್ತು, ಅಷ್ಟಕ್ಕೆ ಮಾತ್ರ ಕುಳ್ಳಿ ಏಳುತ್ತಿದ್ದಳು. ತಾಯಿ ಒಂದು ಅಂಚು, ಮಗಳು ಇನ್ನೊಂದು ಅಂಚು. ಎರಡು ಹೆಜ್ಜೆ ಹಿಂದೆ, ಒಂದು ಸಲ ಒದರುವುದು, ಎರಡು ಹೆಜ್ಜೆ ಮುಂದೆ, ಅಂಚಿಗೆ ಅಂಚು. ಮೂವತ್ತು ಶೀಟಿಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಕುಳ್ಳಿ ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಯಾರು ಯಾರೊಡನೆ ಮಾತು ಬಿಟ್ಟರು, ಗಣಿತದ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ ಏನೆಂದರು, ಬಸ್ಸಿನಲ್ಲಿ ಯಾಕೆ ಎದೆ ಡವಡವ ಅಂತು. ತಾಯಿ 'ಹ್ಞೂಂ, ಆಮೇಲೆ' ಎನ್ನುತ್ತ ಅಂಚು ಎಳೆಯುತ್ತಿದ್ದಳು. ಇದು ಮಾತುಕತೆ ಎಂದು ಅವಳಿಗೆ ಅನಿಸಿರಲೇ ಇಲ್ಲ. ಮಡಿಸುವ ಕೆಲಸ ಎಂದುಕೊಂಡಿದ್ದಳು.

ಬೆಡ್‌ಶೀಟ್ ವಾಪಸಾದ ಸೋಮವಾರ, ಊಟದ ಹೊತ್ತಿಗೆ ಮೇಸ್ತ್ರಿ ಮಾತು ತೆಗೆದ.

"ಮರ ತೆಗೆದು ಟೈಲು ಹಾಕಿಬಿಡೋಣ. ನಿನ್ನ ಬಟ್ಟೆಗೂ ಒಳ್ಳೇದು, ಅಮ್ಮನ ಕಾಲಿಗೂ ಒಳ್ಳೇದು. ಇವಳೂ ಒಳಗೆ ಮೇಜಿನ ಮೇಲೆ ಕೂತು ಓದ್ತಾಳೆ."

"ಆ ಮರಕ್ಕೂ ಎಷ್ಟೋ ವಯಸ್ಸಾಗಿದೆಯಲ್ಲೋ," ಎಂದಳು ಅಜ್ಜಿ. ಆಮೇಲೆ ಮೊಣಕಾಲು ನೀವಿಕೊಂಡು, "ಆದ್ರೂ ನೆಲ ಸಮ ಇದ್ರೆ ನಾನೂ ನಾಲ್ಕು ಹೆಜ್ಜೆ ನಡೀಬಹುದು" ಎಂದಳು.

"ಕುಳ್ಳಿ, ನೀನೇನಂತೀಯ?"

ಕುಳ್ಳಿ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ ಒಂದನ್ನು ತಿಂದಿದ್ದಳು.

"ನಿಮ್ಮಿಷ್ಟ," ಎಂದಳು. ಇನ್ನೊಂದು ಹೋಳನ್ನು ಹಾಗೇ ಬಿಟ್ಟು ಎದ್ದು ತಟ್ಟೆ ತೊಳೆಯಲು ಹೋದಳು. ಎರಡನೆಯ ಸಲ ಯಾರೂ ಕೇಳಲಿಲ್ಲ.

ಶನಿವಾರ ಬಾಡಿಗೆ ಗರಗಸ ಬಂತು. ಎರಡೂವರೆ ಗಂಟೆಯ ಕೆಲಸ. ಹಿಪ್ಪುನೇರಳೆಯನ್ನು ಕಡಿದರೆ ಸಾಯುವುದಿಲ್ಲ, ಮೋಟಿನಿಂದ ಮತ್ತೆ ಚಿಗುರುತ್ತದೆ. ಮೇಸ್ತ್ರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೇರು ಎದ್ದು ಟೈಲು ಸೀಳಿದ ಮನೆಗಳಿಗೆ ಅವನನ್ನು ಎಷ್ಟೋ ಸಲ ಕರೆಸಿದ್ದರು. ಅರ್ಧಂಬರ್ಧ ಕೆಲಸ ಮಾಡಿ ಹೋದ ಬೇರೆ ಮೇಸ್ತ್ರಿಗಳನ್ನು ಅವನು ಬಾಯ್ತುಂಬ ಬೈದಿದ್ದ. ಆದ್ದರಿಂದ ಮೋಟನ್ನು ನೆಲಮಟ್ಟಕ್ಕಿಂತ ನಾಲ್ಕಂಗುಲ ಕೆಳಗೆ ಕೊಯ್ದ. ಡ್ರಿಲ್ಲಿನಿಂದ ಆರು ತೂತು ಕೊರೆದು, ಪ್ರತಿ ತೂತಿಗೂ ಡೀಸೆಲ್ ಹೊಯ್ದು, ಕಲ್ಲುಪ್ಪು ಜಡಿದು, ಸಿಮೆಂಟಿನಿಂದ ಬಾಯಿ ಮುಚ್ಚಿದ. ಹತ್ತು ದಿನದಲ್ಲಿ ಎಪ್ಪತ್ತು ಟೈಲೂ ಕೂತವು. ತಿಳಿಬೂದು ಬಣ್ಣ, ಕೂದಲೆಳೆ ಸಂದು, ಮೋರಿಯ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಒಂದು ಗೋಲಿ ಬಿಟ್ಟರೆ ಅದು ತಾನಾಗಿಯೇ ಮೋರಿ ಹುಡುಕಿಕೊಂಡು ಹೋಗುತ್ತಿತ್ತು. ಅಕ್ಕಪಕ್ಕದವರು ಬಂದು ನೋಡಿ ಹೋದರು.

"ಚೆನ್ನಾಗಿದೆ," ಎಂದಳು ಕುಳ್ಳಿ.

ಎಲ್ಲರಿಗೂ ಅನುಕೂಲವಾಯಿತು. ನಾಲ್ಕು ಮೂಲೆಗೆ ಕಬ್ಬಿಣದ ಕಂಬ ನಿಂತು ತಂತಿ ನಾಲ್ಕರಿಂದ ಏಳಾದವು. ನೆರಳಿಲ್ಲದ್ದರಿಂದ, ಮೇಲಿಂದ ಬಿಸಿಲು ಕೆಳಗಿಂದ ಟೈಲಿನ ಝಳ, ಬೆಡ್‌ಶೀಟುಗಳು ಮಧ್ಯಾಹ್ನ ಒಂದಕ್ಕೇ ಗರಿಗರಿ ಒಣಗಿದವು. ಎರಡು ಗಂಟೆಗೆ ತಾಯಿ ಒಂದು ಅಂಚನ್ನು ಗಲ್ಲದಡಿ ಒತ್ತಿಕೊಂಡು ಒಬ್ಬಳೇ ಮಡಿಸಿಬಿಡುತ್ತಿದ್ದಳು. ಎರಡನೆಯ ಲಾಡ್ಜಿನ ಕೆಲಸವನ್ನೂ ಒಪ್ಪಿಕೊಂಡಳು. ಅಜ್ಜಿ ಬೆಳಗಿನ ಹೊತ್ತು ಗೋಡೆ ಹಿಡಿದು ನಲವತ್ತು ಸುತ್ತು ಹಾಕತೊಡಗಿದಳು.

ಕುಳ್ಳಿ ಮೊದಲ ಎರಡು ಸಂಜೆ ಪುಸ್ತಕ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಳು. ನಾಲ್ಕೂವರೆಗೂ ಟೈಲು ಕಾಲು ಸುಡುತ್ತಿತ್ತು. ಮೂರನೆಯ ಸಂಜೆ ಬಾಗಿಲಿಗೂ ಬರಲಿಲ್ಲ. ಅವಳೂ ಅಜ್ಜಿಯೂ ಮಲಗುವ ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತಿತ್ತು. ನೆಲದ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಪರದೆ ಎಳೆದಳು. ಪರದೆ ಹಾಗೇ ಉಳಿಯಿತು. ಮೇಸ್ತ್ರಿ ಮೇಜಿಗೆ ಒಂದು ದೀಪ ತಂದುಕೊಟ್ಟ.

ಮೂರನೆಯ ವಾರದಲ್ಲಿ ಜಗಳ ಶುರುವಾಯಿತು. ಮೊದಲನೆಯದು ಅಜ್ಜಿಯ ರೇಡಿಯೋದ ಮೇಲೆ.

"ಆಫ್ ಮಾಡಿ ಅಂದ್ನಲ್ಲ ಅಜ್ಜಿ! ಎಷ್ಟು ಸಲ ಹೇಳ್ಬೇಕು?"

"ಸಣ್ಣಗೇ ಇಟ್ಟಿದೀನಲ್ಲೇ. ನನ್ನ ಕಿವಿಗೇ ಕೇಳಿಸ್ತಿಲ್ಲ, ನಿನಗೆ ಹೇಗೆ ಕೇಳಿಸ್ತು?"

"ನನಗೆ ಎಲ್ಲಾ ಕೇಳಿಸುತ್ತೆ. ಗಡಿಯಾರಾನೂ ಕೇಳಿಸುತ್ತೆ."

ಎರಡನೆಯದು ತಾಯಿಯೊಂದಿಗೆ, ತಲೆಗೂದಲಿನ ಮೇಲೆ.

"ಒಂಬತ್ತು ದಿನ ಆಯ್ತು ತಲೆ ತೊಳೆದು. ಜಡೆಯಾ ಅದು, ಹಗ್ಗವಾ?"

"ಬಿಟ್ಬಿಡಮ್ಮ."

"ಏನು ಬಿಡೋದು? ಅನ್ನ ಬಿಟ್ಟಾಯ್ತು, ಸ್ನಾನ ಬಿಟ್ಟಾಯ್ತು. ಇನ್ನು ನಮ್ಮನ್ನೂ ಬಿಟ್ಬಿಡು."

ಹೇಳಿದ ಮೇಲೆ ತಾಯಿ ನಾಲಿಗೆ ಕಚ್ಚಿಕೊಂಡಳು. ಕುಳ್ಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಗ ಸಂಜೆ ಐದೂಕಾಲು.

"ಓದಿ ಸುಸ್ತು," ಎಂದ ಮೇಸ್ತ್ರಿ. "ಪರೀಕ್ಷೆ ಮುಗೀಲಿ, ಸರಿ ಹೋಗ್ತಾಳೆ."

"ಬುತ್ತಿ ಡಬ್ಬಿ ಮಾತ್ರ ಖಾಲಿ ತರ್ತಾಳೆ ರೀ," ಎಂದಳು ತಾಯಿ. "ಅಷ್ಟಾದ್ರೂ ಸಮಾಧಾನ."

ಐದನೆಯ ವಾರ ಮೇಸ್ತ್ರಿ ಯಾರದೋ ಬಚ್ಚಲಿನ ಟೈಲಿನ ಸಂದು ತುಂಬುತ್ತಿದ್ದಾಗ ತರಗತಿ ಶಿಕ್ಷಕಿಯ ಫೋನ್ ಬಂತು.

"ನಿಮ್ಮ ಮಗಳಿಗೆ ಹುಷಾರಿಲ್ವಾ?"

"ಚೆನ್ನಾಗಿದಾಳಲ್ಲ ಮೇಡಂ. ಇವತ್ತೂ ಎಂಟಕ್ಕೇ ಹೊರಟಳು."

"ಹದಿನಾರು ದಿನದಲ್ಲಿ ಹನ್ನೊಂದು ದಿನ ಬಂದಿಲ್ಲ."

ಮರುದಿನ ಮೇಸ್ತ್ರಿ ಸ್ಕೂಟರಿನಲ್ಲಿ ಅವಳ ಬಸ್ಸಿನ ಹಿಂದೆ ಹೋದ. ಶಾಲೆಯ ನಿಲ್ದಾಣದಲ್ಲಿ ಕುಳ್ಳಿ ಇಳಿಯಲಿಲ್ಲ. ಎರಡು ನಿಲ್ದಾಣ ದಾಟಿ, ನೀರು ಸರಬರಾಜಿನ ಪಂಪ್‌ಹೌಸಿನ ಮುಂದೆ ಇಳಿದಳು. ಬೇಲಿಯ ಒಳಗೆ ಎರಡು ದೊಡ್ಡ ಟ್ಯಾಂಕು, ಅವುಗಳ ಸುತ್ತ ಎಷ್ಟೋ ವರ್ಷದ ಮರಗಳು, ಮೊಣಕಾಲೆತ್ತರ ಹುಲ್ಲು. ಗೇಟಿನ ಕಾವಲುಗಾರ ಅವಳನ್ನು ಕಂಡು ಚಿಲಕ ತೆಗೆದ. ದಿನವೂ ನಡೆಯುವ ಕೆಲಸದಂತೆ ತೆಗೆದ.

ಮೇಸ್ತ್ರಿ ಹತ್ತು ನಿಮಿಷ ಬಿಟ್ಟು ಗೇಟಿಗೆ ಬಂದ.

"ನಿಮ್ಮ ಮಗಳಾ?" ಎಂದ ಕಾವಲುಗಾರ. "ಒಳ್ಳೇ ಹುಡುಗಿ, ಯಾರಿಗೂ ತೊಂದರೆ ಇಲ್ಲ. ಮೊದಲ ದಿನ ಬಂದು, ಅರ್ಧ ಗಂಟೆ ಕೂತು ಹೋಗ್ಲಾ ಅಂತ ಕೇಳಿದಳು. ಮುಖ ನೋಡಿ ಇಲ್ಲ ಅನ್ನೋಕಾಗ್ಲಿಲ್ಲ. ಆ ಮರಕ್ಕೆ ಒರಗಿ ಕೂರ್ತಾಳೆ. ಒಂದೊಂದು ಸಲ ನನ್ನ ಪೊರಕೆ ಕಿತ್ಕೊಂಡು ಎಲೆ ಗುಡಿಸ್ತಾಳೆ. ಬುತ್ತಿ ಇಲ್ಲೇ ತಿಂತಾಳೆ, ನನಗೂ ಒಂದು ಪಾಲು ಕೊಡ್ತಾಳೆ. ನಿನ್ನೆಯಂತೂ ಒಂದು ಲೆಕ್ಕ ಬಿಡಿಸಿ, ನೋಡಿ ಅಂಕಲ್ ಬಂತು ಅಂದಳು. ನನಗೇನು ಗೊತ್ತು, ಬಂತೋ ಹೋಯ್ತೋ."

ಮರದ ಕೆಳಗೆ ಕುಳ್ಳಿ ಪುಸ್ತಕ ತೆರೆದು ಕೂತಿದ್ದಳು. ಮೇಸ್ತ್ರಿ ಇಷ್ಟನ್ನೂ ಕೇಳಿದ್ದ, ನೋಡಿದ್ದ. ಆದರೆ ಅವನ ತಲೆಯಲ್ಲಿದ್ದದ್ದು ಹನ್ನೊಂದು ದಿನ ಎಂಬ ಒಂದೇ ಮಾತು.

"ಏಳು! ಶಾಲೆಗೆ ಅಂತ ಹೊರಟು ಇಲ್ಲಿ ಬಂದು ಬಿದ್ಕೊಂಡಿದೀಯ? ನಾಚಿಕೆ ಆಗಲ್ವಾ? ನಿನ್ನಮ್ಮ ಎರಡು ಲಾಡ್ಜಿನ ಬಟ್ಟೆ ಒಗೀತಿರೋದು ಇದಕ್ಕಾ?"

"ಅಪ್ಪ, ಇಲ್ಲಿ ಉಸಿರಾಡೋಕೆ ಆಗುತ್ತೆ."

"ಮನೆಯಲ್ಲೇನು ಮೂಗು ಕಟ್ಟಿ ಹಾಕಿದೀವಾ?"

ಅವಳು ಪುಸ್ತಕ ಚೀಲಕ್ಕೆ ಹಾಕಿಕೊಂಡು ಎದ್ದಳು. ಹೊರಡುವಾಗ ಮೇಸ್ತ್ರಿ ಕಾವಲುಗಾರನಿಗೆ ಹೇಳಿದ: "ಇನ್ಮೇಲೆ ಇವಳನ್ನ ಒಳಗೆ ಬಿಡ್ಬೇಡಿ."

"ಸರಿ ಸಾರ್," ಎಂದ ಅವನು. ಕುಳ್ಳಿಯ ಮುಖ ನೋಡಲಿಲ್ಲ.

ಮೇಸ್ತ್ರಿ ನಾಲ್ಕು ದಿನ ತಾನೇ ಶಾಲೆಯ ಬಾಗಿಲವರೆಗೆ ಬಿಟ್ಟುಬಂದ. ಐದನೆಯ ಬೆಳಿಗ್ಗೆ ಕುಳ್ಳಿ ಏಳಲಿಲ್ಲ. ಬೈದರು, ಬೇಡಿಕೊಂಡರು, ಅಜ್ಜಿ ಹಾಸಿಗೆಯ ಪಕ್ಕ ಕೂತು ಬಾಯಿಗೆ ತುತ್ತು ಹಿಡಿದಳು. ಎಂಟು ದಿನ ಅವಳು ಬಚ್ಚಲಿಗೆ ಬಿಟ್ಟರೆ ಬೇರೆಲ್ಲಿಗೂ ಎದ್ದು ಹೋಗಲಿಲ್ಲ. ಒಂಬತ್ತನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ವಯಸ್ಸಾದ ಹೆಂಗಸು. ಕುಳ್ಳಿಯೊಡನೆ ಅರ್ಧ ಗಂಟೆ ಒಬ್ಬರೇ ಮಾತಾಡಿ, ಆಮೇಲೆ ತಂದೆತಾಯಿಯನ್ನು ಒಳಗೆ ಕರೆದರು.

"ಇದು ಯಾವಾಗಿಂದ?"

ತಾಯಿ ಬೆರಳು ಮಡಿಸಿ ಹಿಂದಕ್ಕೆ ಎಣಿಸಿದಳು. ಶಾಲೆಗೆ ಹೋಗದ್ದು, ತಲೆ ತೊಳೆಯದ್ದು, ರೇಡಿಯೋ ಜಗಳ, ಪರದೆ. ಅಲ್ಲಿಗೆ ಅವಳ ಬೆರಳು ನಿಂತಿತು.

"ದಿನಕ್ಕೆ ಎಷ್ಟು ಹೊತ್ತು ಹೊರಗೆ ಇರ್ತಾಳೆ? ಗಿಡಮರ, ಗಾಳಿ ಇರೋ ಕಡೆ?"

"ಮೊದಲು ಎರಡು ಗಂಟೆ ಕೂರ್ತಿದ್ದಳು," ಎಂದಳು ತಾಯಿ. "ಹಿತ್ತಲಲ್ಲಿ ಮರ ಇತ್ತು."

"ಈಗ?"

ತಾಯಿ ಮೇಸ್ತ್ರಿಯ ಕಡೆ ನೋಡಿದಳು.

"ಮಾತ್ರೆ ಕೊಡ್ತೀನಿ, ಪ್ರತಿ ವಾರ ಬರ್ಲಿ, ಮಾತಾಡ್ತೀನಿ," ಎಂದರು ಡಾಕ್ಟರು. "ಮರ ಒಂದು ಹೋದದ್ದಕ್ಕೇ ಎಲ್ಲಾ ಆಯ್ತು ಅಂತ ನಾನು ಹೇಳಲ್ಲ. ಅವಳಿಗೆ ಮೊದಲಿಂದಲೇ ಭಯ ಇದ್ದ ಹಾಗಿದೆ, ಪರೀಕ್ಷೆದು, ಜನರದು. ಅದನ್ನ ದಿನಾ ಇಳಿಸಿಕೊಳ್ಳೋಕೆ ಅವಳಿಗೆ ಒಂದು ಜಾಗ ಇತ್ತು. ಆಮೇಲೆ ಅವಳೇ ಇನ್ನೊಂದು ಜಾಗ ಹುಡುಕಿಕೊಂಡಳು. ಅಲ್ಲಿಗೂ ಹೋಗಬೇಡ ಅಂದ್ರಂತೆ?"

ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಸಿಮೆಂಟು ಇತ್ತು.

ಮನೆಗೆ ಬಂದ ಮೇಲೆ ಅನ್ನದ ಪಾತ್ರೆ ಒಲೆಯ ಮೇಲೇ ಉಳಿಯಿತು.

"ನಾನು ಕೇಳಿದ್ನಲ್ಲ," ಎಂದ ಮೇಸ್ತ್ರಿ. "ಅವಳೇ ನಿಮ್ಮಿಷ್ಟ ಅಂದಳು. ಬೇಡ ಅಂದಿದ್ರೆ ನಾನೇನು ಕಡೀತಿದ್ನಾ?"

"ಕಡೀತಿದ್ರಿ," ಎಂದಳು ಹೆಂಡತಿ. "ನಾನೂ ಕಡಿಸ್ತಿದ್ದೆ. ಅವತ್ತು ಅವಳು ಅರ್ಧ ಮೊಟ್ಟೆ ಬಿಟ್ಟು ಎದ್ದಳು. ಆ ತಟ್ಟೆ ನಾನೇ ಎತ್ತಿದ್ದು. ಯಾಕೆ ಬಿಟ್ಟೆ ಅಂತ ಒಂದು ಮಾತು ಕೇಳಲಿಲ್ಲ."

"ನೀನ್ಯಾಕೆ ನಿನ್ನನ್ನ ಬೈಕೋತೀಯ? ಜಾರಿ ಬಿದ್ದೆ ಅಂತ ರಾಗ ತೆಗೆದವಳು ನಾನು." ಅಜ್ಜಿ ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದಳು. "ದಿನಾ ನಲವತ್ತು ಸುತ್ತು ಹಾಕ್ತಿದ್ದೆ ಕಣೋ, ಆ ಕಿಟಕಿ ಪಕ್ಕದಲ್ಲೇ. ನಲವತ್ತು ಸಲ ಆ ಮುಚ್ಚಿದ ಪರದೆ ನೋಡಿದೆ. ನನ್ನ ಸೊಂಟ ಉಳೀತು ಅಂತ ಖುಷಿಯಾಗಿ ನಡೆದೆ."

ಮೇಸ್ತ್ರಿ ಮರುದಿನವೇ ಪಂಪ್‌ಹೌಸಿಗೆ ಹೋದ. ಗೇಟಿನಲ್ಲಿ ಬೇರೆ ಕಾವಲುಗಾರ ಇದ್ದ. ಹಳೆಯವನನ್ನು ಇನ್ನೊಂದು ಕಡೆಗೆ ಹಾಕಿದ್ದರು. ಹೊರಗಿನವರನ್ನು ಬಿಡಬಾರದೆಂದು ಬೋರ್ಡೂ ಬಂದಿತ್ತು. ಅಲ್ಲಿಂದ ಶಾಲೆಗೆ ಹೋದ. ಹಾಜರಿ ಸಾಲದು, ಈ ವರ್ಷ ಪರೀಕ್ಷೆಗೆ ಕೂರಿಸಲು ಬರುವುದಿಲ್ಲ ಎಂದರು. ಡಾಕ್ಟರ ಚೀಟಿ ತೋರಿಸಿದ. ಶಿಕ್ಷಕಿ ಎರಡು ಸಲ ಓದಿ, "ಮೊದಲೇ ತಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದು ವಾಪಸು ಕೊಟ್ಟಳು.

ಕುಳ್ಳಿಯನ್ನು ಕರೆದುಕೊಂಡು ಹೋದವಳು ಚಿಕ್ಕಮ್ಮ, ತಾಯಿಯ ತಂಗಿ. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಸಸಿ ತೋಟದಲ್ಲಿ ಅವಳಿಗೆ ಕೆಲಸ, ತೋಟದ ಅಂಚಿನಲ್ಲೇ ಎರಡು ಕೋಣೆಯ ಮನೆ. "ಒಂದು ತಿಂಗಳು ಇರ್ಲಿ, ಡಾಕ್ಟರ ಜೊತೆ ವಾರವಾರ ಫೋನಲ್ಲೇ ಮಾತಾಡಿಸ್ತೀನಿ," ಎಂದಿದ್ದಳು. ಮೊದಲ ವಾರದ ಫೋನಿನಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಎರಡನೆಯ ವಾರ, "ಹೊರಗೆ ಬಂದು ಕೂತಳು." ಮೂರನೆಯ ವಾರ, "ಅನ್ನ ಎರಡನೇ ಸಲ ಹಾಕಿಸಿಕೊಂಡಳು ಅಕ್ಕ, ಕಣ್ಣು ಹಾಕ್ಬೇಡ." ಆರನೆಯ ವಾರ ಕುಳ್ಳಿಯೇ ಫೋನು ತೆಗೆದುಕೊಂಡಳು.

"ಅಮ್ಮ, ಇಲ್ಲಿ ನಾನು ಮುನ್ನೂರು ಕುಂಡಕ್ಕೆ ಮಣ್ಣು ತುಂಬಿದೆ."

"ಹೌದಾ? ಕೈ ನೋಯಲ್ವಾ?"

"ನೋಯುತ್ತೆ. ನಿದ್ದೆ ಬರುತ್ತೆ."

"ಮನೆಗೆ ಯಾವಾಗ ಬರ್ತೀಯ?"

"ಭಾನುವಾರ ಬಂದು ಹೋಗ್ತೀನಿ. ಸಂಜೆ ಬಸ್ಸಿಗೆ ವಾಪಸ್."

ಶನಿವಾರ ಮೇಸ್ತ್ರಿ ಕೆಲಸಕ್ಕೆ ಹೋಗಲಿಲ್ಲ. ಹಿತ್ತಲ ನಡುವಿನ ಒಂಬತ್ತು ಟೈಲುಗಳನ್ನು, ಮೂರು ಸಾಲು ಮೂರು ಅಡ್ಡ, ಉಳಿ ಇಟ್ಟು ಎಬ್ಬಿಸಿದ. ಕೆಳಗಿನ ಗಾರೆ ಒಡೆದು ಮೋಟು ಹುಡುಕಿದ. ಅದು ಸಿಕ್ಕಿತು. ಕಪ್ಪಾಗಿ ಬೆಂಡಾಗಿತ್ತು; ಉಳಿ ತಾಗಿದರೆ ಪುಡಿಯಾಗುತ್ತಿತ್ತು. ಸುತ್ತಲೂ ಒಂದು ಹಸಿರು ಕುಡಿಯಾದರೂ ಇರಬಹುದೆಂದು ಕೈಯಿಂದ ಕೆದಕಿ ನೋಡಿದ. ಆರು ತೂತಿನ ಸಿಮೆಂಟು ಮಾತ್ರ ಗಟ್ಟಿಯಾಗಿ, ಹಾಕಿದ ಹಾಗೇ ಇತ್ತು. ಉಪ್ಪು ಇಳಿದ ಮಣ್ಣನ್ನು ಮೂರಡಿ ಆಳ ತೆಗೆದು ಹೊರಗೆ ಸಾಗಿಸಿ, ಬೇರೆ ಮಣ್ಣು ತಂದು ತುಂಬಿದ.

ಭಾನುವಾರ ಹನ್ನೊಂದಕ್ಕೆ ಕುಳ್ಳಿ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಕೆನ್ನೆ ತುಂಬಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮೊಣಕಾಲುದ್ದದ ಹಿಪ್ಪುನೇರಳೆ ಸಸಿ. ಹಿತ್ತಲ ನಡುವಿನ ಮಣ್ಣಿನ ಚೌಕ ನೋಡಿದಳು. ಚಪ್ಪಲಿ ಬಿಟ್ಟು, ಬಿಸಿ ಟೈಲಿನ ಮೇಲೆ ಬೇಗಬೇಗ ಹೆಜ್ಜೆ ಹಾಕಿ, ಮಣ್ಣಿಗೆ ಇಳಿದಳು. ಸಸಿಯನ್ನು ತಾನೇ ನೆಟ್ಟಳು. ಬೇರು ಮುರಿಯದಂತೆ ಹೇಗೆ ಬಿಡಿಸಬೇಕೆಂದು ಅಪ್ಪನಿಗೆ ತೋರಿಸಿಕೊಟ್ಟಳು.

"ನೆರಳು ಬರೋಕೆ ಎಷ್ಟು ವರ್ಷ ಬೇಕೇ?" ಎಂದಳು ಅಜ್ಜಿ.

"ಕೂತ್ಕೊಳ್ಳೋವಷ್ಟಾ? ಐದಾರು ವರ್ಷ."

"ಆಗ ನಿನಗೆ ಇಪ್ಪತ್ತಮೂರು."

"ಹ್ಞೂಂ," ಎಂದಳು ಕುಳ್ಳಿ.

ಬೆಡ್‌ಶೀಟುಗಳು ಅವತ್ತೂ ಒಂದು ಗಂಟೆಗೇ ಒಣಗಿದ್ದವು. ತಾಯಿ ಅವನ್ನು ತೆಗೆಯದೆ ನಾಲ್ಕರವರೆಗೆ ಹಾಗೇ ಬಿಟ್ಟಿದ್ದಳು. ಊಟವಾಗಿ, ಪಾತ್ರೆಯಾಗಿ, ಒಂದು ನಿದ್ದೆಯಾಗಿ ಕುಳ್ಳಿ ಬಂದಾಗ, ಒಂದು ಅಂಚನ್ನು ಅವಳ ಕಡೆ ಚಾಚಿದಳು. ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ. ಏಳನೆಯ ಶೀಟಿಗೆ ಮಾತು ಶುರುವಾಯಿತು.

"ಚಿಕ್ಕಮ್ಮ ನಿದ್ದೇಲಿ ಗಿಡಗಳನ್ನ ಬೈತಾಳಮ್ಮ."

"ಚಿಕ್ಕವಳಿದ್ದಾಗ ನನ್ನನ್ನ ಬೈತಿದ್ದಳು. ಹ್ಞೂಂ, ಆಮೇಲೆ?"

ಮಡಿಸಿ ಮುಗಿದಾಗ ನಾಲ್ಕೂಮುಕ್ಕಾಲು. ಮೇಸ್ತ್ರಿ ಉಳಿ ಹಿಡಿದು ಸಸಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ಇನ್ನೂ ಸ್ವಲ್ಪ ಟೈಲು ತೆಗೀಲಾ ಕುಳ್ಳಿ?"

"ನಿಮ್ಮಿಷ್ಟ ಅಪ್ಪ."

ಮೇಸ್ತ್ರಿ ಉಳಿಯನ್ನು ಕೆಳಗಿಟ್ಟ. "ನನ್ನಿಷ್ಟ ಬೇಡ. ನೀನು ಹೇಳು."

ಕುಳ್ಳಿ ಬಹಳ ಹೊತ್ತು ನೆಲ ನೋಡಿದಳು. ಯಾರೂ ಅವಸರ ಮಾಡಲಿಲ್ಲ.

"ಬಾಗಿಲ ತನಕ," ಎಂದಳು ಕೊನೆಗೆ. "ಕಾಲು ಸುಡದ ಹಾಗೆ ನಡೆದುಕೊಂಡು ಬರೋಕೆ."

ಬಾಗಿಲ ತನಕ ಎಂದರೆ ಇನ್ನೂ ಒಂಬತ್ತು ಟೈಲು. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಆರು ಗಂಟೆಯ ಬಸ್ಸಿಗೆ ಕುಳ್ಳಿ ಐದೂ ನಲವತ್ತಕ್ಕೆ ಹೊರಟಾಗ ಎರಡು ಎದ್ದಿದ್ದವು, ಮೂರನೆಯದು ಅಲುಗುತ್ತಿತ್ತು. ತಾಯಿ ಅವಳನ್ನು ಬಸ್ಸು ಹತ್ತಿಸಲು ಹೋದಳು. ಮತ್ತೆ ಯಾವಾಗ ಬರುತ್ತೀಯೆಂದು ಬಾಗಿಲಲ್ಲಿ ಯಾರೂ ಕೇಳಲಿಲ್ಲ; ಅವಳೂ ಹೇಳಲಿಲ್ಲ.

ಮೇಸ್ತ್ರಿ ಮೂರನೆಯದನ್ನು ಎತ್ತಿ ಗೋಡೆಗೆ ಒರಗಿಸಿ ನಾಲ್ಕನೆಯದಕ್ಕೆ ಕೂತ. ಸುತ್ತಿಗೆ ಏಟಿಗೆ ಟೈಲು ಜಪ್ಪಯ್ಯ ಅನ್ನಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಹೊಡೆದ. ಅಜ್ಜಿ ಹೊಸಿಲ ಮೇಲೆ ಕೂತು ನೋಡುತ್ತಿದ್ದಳು.

"ಇಷ್ಟು ಭದ್ರವಾಗಿ ಯಾಕೋ ಕೂರಿಸಿದೆ?"

"ನನಗೆ ಹಾಗೇ ಬರೋದಮ್ಮ," ಎಂದ ಮೇಸ್ತ್ರಿ. ಉಳಿಯನ್ನು ಸಂದಿಗೆ ಇಟ್ಟು ಮತ್ತೆ ಸುತ್ತಿಗೆ ಎತ್ತಿದ.